ಭಾನುವಾರದ ಬಿಸ್ಕತ್ತು

ಬಟವಾಡಿ, ಗುರುವಾರ

ಇಂಪನಾಳ ಅಪ್ಪನಿಗೆ,

ನೀವು ಮಗಳಿಗೆ ತಂದುಕೊಟ್ಟ ಮೊಲ ಹುಲ್ಲು, ಸೊಪ್ಪು ಎರಡನ್ನೂ ಮುಟ್ಟುತ್ತಿಲ್ಲ. ಭಾನುವಾರ ಬಂದು ಬೇಕರಿ ಬಿಸ್ಕತ್ತು ತಿನ್ನಿಸಿ, ನಿಟ್ಟೂರಿನ ನಿಮ್ಮ ಹೊಸ ಸಂಸಾರಕ್ಕೆ ಹೊರಟುಬಿಡುತ್ತೀರಿ. ಆಮೇಲೆ ವಾರವಿಡೀ ಅದು ನೀವು ಬಿಟ್ಟುಹೋದ ಬಿಸ್ಕತ್ತಿನ ಚೂರನ್ನಷ್ಟೇ ತಿಂದು, ಬಾಗಿಲ ಕಡೆಗೇ ಮುಖ ಮಾಡಿ ಕೂತಿರುತ್ತದೆ. ಹುಲ್ಲು ಕಡಿಯದೆ ಹಲ್ಲು ಉದ್ದ ಬೆಳೆದಿದೆ, ಬಿಸ್ಕತ್ತು ನಿಲ್ಲಿಸಿ ಎಂದರು ಡಾಕ್ಟರು.

ನಿನ್ನೆ ಕೊತ್ತಂಬರಿ ಸೊಪ್ಪನ್ನು ಅದರ ಬಾಯಿಯ ಹತ್ತಿರ ಹಿಡಿದೆ. "ಅಪ್ಪ ಬಂದ್ಮೇಲೆ ತಿನ್ನುತ್ತೆ ಬಿಡಮ್ಮ" ಅಂದಳು ಇಂಪನಾ. ಅವಳ ತಟ್ಟೆಯ ಮುದ್ದೆಯೂ ಹಾಗೇ ಇತ್ತು.

ನಿಮ್ಮ ಆ ಮನೆಯಲ್ಲಿ ಹಸುಗಳಿವೆಯಂತೆ. ಈ ಸಲ ಬಿಸ್ಕತ್ತು ಬೇಡ, ಒಂದು ಹೊರೆ ಒಣಹುಲ್ಲು ತನ್ನಿ. ಆಗದಿದ್ದರೆ ಬರಲೇಬೇಡಿ. ಬಾಗಿಲು ನೋಡುವುದು ಬಿಟ್ಟರೆ, ಇದ್ದದ್ದನ್ನು ತಿನ್ನುವುದು ತಾನಾಗಿ ಬರುತ್ತದೆ. ನನಗೆ ಬಂದಿದೆ.

ಇಂಪನಾಳ ಅಮ್ಮ,
ಭಾನುಪ್ರಿಯಾ