ಹೋದ ವರ್ಷದ ಪಾದ

ಮಾರ್ಚ್ 3, ಸೋಮವಾರ

ಅಂಟಿನ ವಾಸನೆಗೆ ಮತ್ತೆ ತಲೆನೋವು. ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ಇದು. ಒಳಗೆ ಅಣ್ಣ ಒಂದು ಸೊಟ್ಟ ಪಾದದ ಬೂಟಿಗೆ ಅಟ್ಟೆ ಕೂರಿಸುತ್ತಿದ್ದಾನೆ. ಹೊರಗೆ ನಾನು ಆಸ್ಪತ್ರೆಯವರು ಕೇಳಿದ ಪ್ಲಾನ್ ಬರೆಯುತ್ತಿದ್ದೇನೆ. ಅನಾಹುತವಾದರೆ ರೋಗಿಗಳ ದಾಖಲೆ ಹೇಗೆ ಉಳಿಸುತ್ತೀರಿ ಅಂತ ಬರೆದು ಕೊಡಬೇಕಂತೆ. ಕೊಟ್ಟರೇ ಮುಂದೆಯೂ ರೋಗಿಗಳನ್ನು ನಮ್ಮಲ್ಲಿಗೆ ಕಳಿಸುವುದು.

ಬೆಂಕಿ ಬಿದ್ದರೆ? ಎಲ್ಲ ಕ್ಲೌಡ್‌ನಲ್ಲಿದೆ. ನೀರು ನುಗ್ಗಿದರೆ? ಕ್ಲೌಡ್‌ನಲ್ಲಿದೆ. ಕಂಪ್ಯೂಟರ್ ಕಳುವಾದರೆ? ಕ್ಲೌಡ್... ಕಾಪಿ, ಪೇಸ್ಟ್. ಕೆಲಸ ಬಿಟ್ಟವರ ಅಕೌಂಟ್ ಅಂದೇ ತೆಗೆಯಲಾಗುವುದು ಅಂತಲೂ ಸೇರಿಸಿದೆ. ಘನವಾಗಿ ಕಾಣಲಿ ಅಂತ.

ಅಣ್ಣ ಓದಿ ನಕ್ಕ. "ಇರೋದೇ ನಾವಿಬ್ರು. ನನ್ನನ್ನ ಓಡಿಸೋ ಪ್ಲಾನಾ ಇದು?"

ಮಾರ್ಚ್ 6, ಗುರುವಾರ

ಗುಬ್ಬಿ ಬಂದಿದ್ದಳು, ಅಮ್ಮನ ಜೊತೆ. ಹೆಸರಿಟ್ಟವನು ಅಣ್ಣ. ಹುಟ್ಟಿದಾಗಿನಿಂದ ಎಡಪಾದ ಒಳಗೆ ತಿರುಗಿದೆ. ನಡೆಯಲು ಕಲಿತಾಗಿನಿಂದ ಅವಳ ಬೂಟು ನಮ್ಮದೇ. ಬಂದಾಗಲೆಲ್ಲ ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಗೆರೆ ಎಳೆಯುತ್ತಾನೆ. ನಾನು ಸ್ಕ್ಯಾನ್ ಮಾಡುತ್ತೇನೆ.

ಹಳೆಯ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಬೇಕಂತೆ ಡಾಕ್ಟರಿಗೆ. ಪಾದ ನೆಟ್ಟಗಾಗುತ್ತಾ ಬಂದಿದ್ದರೆ ಆಪರೇಷನ್ ಬೇಡ, ರಾತ್ರಿ ಕಟ್ಟಿಕೊಂಡು ಮಲಗುವ ಆ ಗಟ್ಟಿ ಬೂಟೂ ಬೇಡ.

"ನಿಜ್ವಾಗ್ಲೂ ಬೇಡ್ವಾ ಮಾಮ?"

"ನಂಗೇನೋ ಬೇಡ ಅನ್ಸುತ್ತೆ ಕಣೇ. ಮುಂದಿನ್ ತಿಂಗಳು ಡಾಕ್ಟರ್ ನೋಡಿ ಹೇಳ್ಲಿ."

ಮಾರ್ಚ್ 7, ಶುಕ್ರವಾರ, ಸಂಜೆ

ಆಸ್ಪತ್ರೆಯವರು ಅಂಗಡಿ ನೋಡಲು ಬರುತ್ತಾರೆಂದು ಬೀರು ಖಾಲಿ ಮಾಡಿಸಿದ್ದೆ. ಪಾದದ ಕಾಗದಗಳೆಲ್ಲ ರದ್ದಿಗೆ ಹೋದವು. ಅಣ್ಣನಿಗೆ ಇವತ್ತು ಗೊತ್ತಾಯಿತು.

"ಒಂದ್ ಮಾತು ಕೇಳೋದಲ್ವಾ?"

"ಎಲ್ಲಾ ಸ್ಕ್ಯಾನ್ ಆಗಿದ್ಯಲ್ಲ. ನಿನ್ನನ್ನ ಕೇಳ್ತಾ ಕೂತ್ರೆ ಅಂಗಡಿ ಉದ್ಧಾರ ಆದ ಹಾಗೇ."

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಚರ್ಮ ಹೊಲಿಯೋದು ಬಿಟ್ರೆ ನಿಂಗೇನು ಗೊತ್ತು?" ಅಂದೆ.

ಏಪ್ರನ್ ಬಿಚ್ಚಿ, ಮಡಚಿ, ಬೀಗದ ಕೈ ಅದರ ಮೇಲಿಟ್ಟು ಹೋದ.

ಪ್ಲಾನ್‌ನಲ್ಲಿ ಬರೆದ ಹಾಗೆ ಅವನ ಅಕೌಂಟ್ ತೆಗೆದುಹಾಕಿದೆ. ಖಚಿತವೇ ಅಂತ ಕೇಳಿತು. ಹೌದು ಒತ್ತಿದೆ. ಆ ಕ್ಷಣಕ್ಕೆ ಖುಷಿಯೂ ಆಯಿತು. ಸುಳ್ಳು ಯಾಕೆ ಬರೆಯಲಿ.

ಮಾರ್ಚ್ 12, ಬುಧವಾರ

ಅಣ್ಣನ ಹೆಸರು ಹೊತ್ತು ಒಂದು ಮೇಲ್. ಅವನದ್ದಲ್ಲ, ಸಾಫ್ಟ್‌ವೇರ್‌ನವರದ್ದು. ಆ ಹೆಸರು ನೋಡುವುದೇ ಬೇಡ. ಇಂಥವು ತಾವಾಗೇ ಬೇರೆ ಫೋಲ್ಡರ್‌ಗೆ ಹೋಗುವಂತೆ ಮಾಡಿಟ್ಟೆ.

ಅತ್ತಿಗೆ ಫೋನ್ ಮಾಡಿದ್ದರು. "ಸರಿಯಾಗಿ ಊಟಾನೂ ಮಾಡ್ತಿಲ್ಲಮ್ಮ ಅವ್ರು. ಚಿಕ್ಕವಳು ನೀನು, ಒಂದ್ ಫೋನ್ ಮಾಡಿದ್ರೆ ಏನೂ ಸವೆದು ಹೋಗಲ್ಲ."

"ಬಿಟ್ಟು ಹೋದವನು ಅವನು. ಅವನೇ ಮಾಡ್ಲಿ."

ಏಪ್ರಿಲ್ 22, ಮಂಗಳವಾರ

ಇಷ್ಟು ದಿನ ಹೊಸ ಆರ್ಡರ್‌ಗಳು ಮಾತ್ರ. ಹೊಲಿಗೆ ಹೊರಗೆ ಕೊಟ್ಟು ಮಾಡಿಸಿದೆ. ಅವುಗಳ ಅಳತೆ ನನ್ನ ಅಕೌಂಟ್‌ನಲ್ಲೇ ಇದ್ದುದರಿಂದ ಏನೂ ಗೊತ್ತಾಗಲಿಲ್ಲ.

ಇವತ್ತು ಡಾಕ್ಟರ್ ಗುಬ್ಬಿಯ ಹಳೆಯ ಗೆರೆಗಳನ್ನು ಕೇಳಿದರು. ಫೋಲ್ಡರ್ ಹುಡುಕಿದೆ. ಇಲ್ಲ. ಗುಬ್ಬಿಯದು ಮಾತ್ರವಲ್ಲ... ಯಾರದ್ದೂ ಇಲ್ಲ.

ಗುಬ್ಬಿಯ ಅಮ್ಮನಿಗೆ ಫೋನ್ ಮಾಡಿ ಸಿಸ್ಟಮ್ ಪ್ರಾಬ್ಲಮ್ ಅಂದೆ.

ಏಪ್ರಿಲ್ 23, ಬುಧವಾರ, ಮಧ್ಯಾಹ್ನ

ಕಂಪ್ಯೂಟರ್ ರಿಪೇರಿಯವರು ಬಂದು ನೋಡಿದರು. ಫೋಲ್ಡರ್ ಇಬ್ಬರಿಗೂ ಕಾಣುತ್ತಿದ್ದರೂ ಇದ್ದದ್ದು ಅಣ್ಣನ ಅಕೌಂಟ್‌ನಲ್ಲಿ. ಮೊದಲು ಶುರುಮಾಡಿದವನು ಅವನೇ. ಅಕೌಂಟ್ ಹೋಯಿತು, ಒಂದಷ್ಟು ವಾರ ಕಾದು ಫೈಲುಗಳೂ ಹೋದವು.

"ಈ ಕಂಪ್ಯೂಟರ್‌ನಲ್ಲೂ ಇತ್ತಲ್ಲ?"

"ಅದು ಬ್ಯಾಕಪ್ ಅಲ್ಲ ಮೇಡಂ. ಅಲ್ಲಿ ಅಳಿಸಿದ್ರೆ ಇಲ್ಲೂ ಅಳಿಸಿ ಹೋಗುತ್ತೆ. ಬೇರೆ ಕಡೆ ಒಂದು ಕಾಪಿ ಇಟ್ಟಿದ್ರಾ?"

ಇಟ್ಟಿರಲಿಲ್ಲ. ಬೀರುವಿನಲ್ಲಿದ್ದದ್ದೇ ಆ ಕಾಪಿ.

ಬದಿಗೆ ಸರಿಸಿದ ಮೇಲ್‌ಗಳನ್ನು ಈಗ ಓದಿದೆ. ಈ ಫೈಲುಗಳನ್ನು ಬೇರೆಯವರ ಹೆಸರಿಗೆ ವರ್ಗಾಯಿಸುವಿರಾ ಅಂತ ಮೊದಲನೆಯದು. ಕೊನೆಯ ಅವಕಾಶ ಅಂತ ಕೊನೆಯದು. ಪಾಪ, ಎಷ್ಟು ಸಲ ಕೇಳಿದ್ದಾರೆ. ನನ್ನ ಹಾಳು ಹಠಕ್ಕೆ ಏನು ಹೇಳಲಿ. ಜಗಳ ಅಣ್ಣನ ಜೊತೆ, ಏಟು ಬಿದ್ದದ್ದು ಆ ಮಗುವಿಗೆ.

ಏಪ್ರಿಲ್ 24, ಗುರುವಾರ

ಫೋನ್ ಮಾಡಿದೆ. ಮೊದಲ ರಿಂಗ್‌ಗೇ ಎತ್ತಿದ. ಎಲ್ಲ ಹೇಳಿದೆ.

"ತೆಗೆಯೋ ಮುಂಚೆ ಕೇಳ್ಬಹುದಿತ್ತಲ್ಲ."

"ನೀನು ಫೋನ್ ಎತ್ತಲ್ಲ ಅಂದ್ಕೊಂಡೆ."

"ಮಾಡಿ ನೋಡಿದ್ಯಾ?"

ಅತ್ತುಬಿಟ್ಟೆ. ಅವನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಎಲ್ರನ್ನೂ ಮತ್ತೆ ಕರೆದು ಅಳೆಯೋಣ. ದೊಡ್ಡವರದ್ದೇನೂ ತೊಂದ್ರೆ ಇಲ್ಲ. ಮಕ್ಕಳದ್ದು... ಇವತ್ತಿನ ಪಾದ ಅಳೀಬಹುದು. ಹೋದ ವರ್ಷದ್ದನ್ನ ಎಲ್ಲಿಂದ ತರೋದು?"

ಡಾಕ್ಟರಿಗೆ ಅವನೇ ಫೋನ್ ಮಾಡಿದ. ಹಳೆಯ ಗೆರೆ ಇಲ್ಲದೆ ಏನೂ ಹೇಳಲು ಆಗುವುದಿಲ್ಲವಂತೆ. ಇವತ್ತಿನಿಂದ ಹೊಸದಾಗಿ ಶುರುಮಾಡಿ ಇನ್ನೊಂದು ವರ್ಷ ನೋಡಬೇಕು. ಅಲ್ಲಿಯವರೆಗೆ ರಾತ್ರಿಯ ಬೂಟು ಬಿಚ್ಚುವ ಹಾಗಿಲ್ಲ.

"ಗುಬ್ಬಿಗೆ ನೀನೇ ಹೇಳು," ಅಂದ ಅಣ್ಣ. "ಸಿಸ್ಟಮ್ ಗಿಸ್ಟಮ್ ಅನ್ಬೇಡ."

ಏಪ್ರಿಲ್ 26, ಶನಿವಾರ, ಬೆಳಿಗ್ಗೆ

ಇವತ್ತು ಗುಬ್ಬಿಯನ್ನು ಅಳತೆಗೆ ಕರೆಸಿದ್ದೇವೆ. ಅಣ್ಣ ಬೇಗ ಬಂದಿದ್ದಾನೆ. ನನ್ನ ಜೊತೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ನೆಲ ಗುಡಿಸಿ ಬಿಳಿ ಕಾಗದ ಹಾಸಿದ್ದಾನೆ. ಪೆನ್ಸಿಲ್ ಕೆತ್ತಿದ್ದಾನೆ.

ರಾತ್ರಿಯೆಲ್ಲ ಮಾತು ಜೋಡಿಸಿದೆ. ಫೈಲು ಅಳಿಸಿ ಹೋಯಿತು ಅನ್ನಲೇ? ತಾನಾಗಿ ಹೋಗಿಲ್ಲ. ತಪ್ಪಾಯಿತು ಅನ್ನಲೇ? ಎಂಟು ವರ್ಷದವಳು ಅದನ್ನಿಟ್ಟುಕೊಂಡು ಏನು ಮಾಡಬೇಕು?

ಮೆಟ್ಟಿಲ ಮೇಲೆ ಸದ್ದು. ಒಂದು ಹೆಜ್ಜೆ ಜೋರು, ಒಂದು ಮೆಲ್ಲಗೆ. ಅವಳೇ. ಕೈಯಲ್ಲಿ ದೊಡ್ಡ ಚೀಲ. ರಾತ್ರಿಯ ಬೂಟನ್ನು ವಾಪಸ್ ಕೊಡಲು ತಂದಿದ್ದಾಳಂತೆ. ಇನ್ನು ಬೇಡವಲ್ಲ, ಬೇರೆ ಯಾರಿಗಾದರೂ ಕೊಡಿ ಅಂತ ಬಾಗಿಲಲ್ಲೇ ಅಣ್ಣನಿಗೆ ಹೇಳುತ್ತಿದ್ದಾಳೆ. ಅವನು ಚೀಲ ತೆಗೆದುಕೊಳ್ಳದೆ ನನ್ನ ಕಡೆ ನೋಡುತ್ತಿದ್ದಾನೆ.

ಏಳಬೇಕು. ಹೀಗೇ ಶುರುಮಾಡುತ್ತೇನೆ: ಗುಬ್ಬಿ, ಇಲ್ಲಿ ಬಾ, ನಾನು ನಿನ್ನ ಹಳೆಯ ಗೆರೆಗಳನ್ನೆಲ್ಲ ಕಳೆದುಬಿಟ್ಟೆ.