ಅಲೆವೂರಿನ ನೆಲಮಹಡಿ

ಎರ್ಮಾಳ್
೯ ಫೆಬ್ರವರಿ ೨೦೨೫

ಯಶ್ವಂತ್ ಅವರಿಗೆ ಶರ್ಮಿಳಾ ಮಾಡುವ ನಮಸ್ಕಾರಗಳು.

ಫೋನು ಮಾಡಿದರೆ ನೀವು ಎತ್ತುವುದಿಲ್ಲ. ರತ್ನಾಗಿರಿಯಲ್ಲಿ ನಿಮ್ಮನ್ನು ಕಂಡು ಬಂದ ಧನರಾಜ್ ಈ ವಿಳಾಸ ಕೊಟ್ಟರು. ಜಗಳಕ್ಕೆ ಬರೆದದ್ದಲ್ಲ, ಹೆದರಬೇಡಿ. ಅಷ್ಟು ಶಕ್ತಿಯೂ ಈಗ ನನಗಿಲ್ಲ.

ನೀವು ಬಿಟ್ಟುಹೋದ ಮನೆಯ ಅಡುಗೆಕೋಣೆಯನ್ನು ಕಳೆದ ಮಳೆಗಾಲದಲ್ಲಿ ಕಡಲು ಕೊಂಡುಹೋಯಿತು. ಕಟ್ಟಿಕೊಳ್ಳಲು ಸರ್ಕಾರದ ಸಹಾಯ ಕೇಳಿದರೆ ಜಾಗದ ಹಕ್ಕುಪತ್ರ ತನ್ನಿ ಎಂದರು. ಹಕ್ಕುಪತ್ರ ಕೇಳಿದರೆ, ಕಡಲಿಗೆ ಇಷ್ಟು ಹತ್ತಿರ ಕೊಡಲಿಕ್ಕೆ ಬರುವುದಿಲ್ಲ ಎಂದರು. ಈ ಎರಡು ಮಾತಿನ ನಡುವೆ ಎಷ್ಟು ಸಲ ಉಡುಪಿ ಬಸ್ಸು ಹತ್ತಿದೆನೋ. ಕೊನೆಗೆ, ಮನೆಯಿಲ್ಲದವರಿಗೆಂದು ಅಲೆವೂರಿನಲ್ಲಿ ಕಟ್ಟಿಸಿದ ಫ್ಲ್ಯಾಟುಗಳಿಗೆ ಚೀಟಿ ಎತ್ತುವಾಗ ನನ್ನ ಹೆಸರು ಬಂತು. ಬಂದದ್ದು ಮೂರನೇ ಮಹಡಿ. ಲಿಫ್ಟ್ ಇಲ್ಲ.

ಅತ್ತೆಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವರ ಮೊಣಕಾಲು ನಿಮಗೆ ಗೊತ್ತಲ್ಲ, ಈಗ ಇನ್ನೂ ಕಷ್ಟ. ಅರ್ಧ ಹತ್ತುವಷ್ಟರಲ್ಲಿ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. "ನನ್ನಿಂದ ಆಗುದಿಲ್ಲ ಮಾರಾಯ್ತಿ. ನೀನು ಹೋಗಿ ಇರು, ನನಗೆ ಆ ಮುರುಕು ಮನೆಯೇ ಸಾಕು" ಎಂದರು. ನಿಮ್ಮ ಅಮ್ಮನನ್ನು ಬಿಟ್ಟು ನಾನೆಲ್ಲಿಗೆ ಹೋಗಲಿ?

ಆಫೀಸಿನಲ್ಲಿ ಕೇಳಿಕೊಂಡೆ. "ಚೀಟಿಯಲ್ಲಿ ಬಂದದ್ದನ್ನು ನಾವಾಗಿ ಬದಲಿಸಲಿಕ್ಕೆ ಆಗುದಿಲ್ಲ. ಬೇರೆ ಯಾರಾದರೂ ಒಪ್ಪಿ ಬರೆದುಕೊಟ್ಟರೆ ನೋಡುವ" ಎಂದರು. ನೆಲಮಹಡಿ ಸಿಕ್ಕಿದವರು ಮೇಲೆ ಯಾಕೆ ಹೋಗುತ್ತಾರೆ? ಆದರೂ ಹುಡುಕಿಕೊಂಡು ಕಾಪುವಿಗೆ ಹೋದೆ. ನೆಲಮಹಡಿ ಸಿಕ್ಕಿದ್ದ ಆಲಿಸ್ ಎಂಬ ಹೆಂಗಸು, ಹೊಲಿಗೆ ಕೆಲಸ, ಜೊತೆಗೆ ಮಗಳು. ನಾನು ಮಾತು ಮುಗಿಸುವ ಮೊದಲೇ ಒಪ್ಪಿದರು. ಯಾಕೆಂದು ಕೇಳಿದ್ದಕ್ಕೆ, "ನನ್ನ ಗಂಡ ಕುಡಿದು ಬಂದು ಕಿಟಕಿ ಬಡೀತಾನೆ. ಅಷ್ಟು ಮೇಲೆ ಅವನಿಗೆ ಹತ್ತಲಿಕ್ಕೆ ಆಗುದಿಲ್ಲ" ಎಂದು ನಕ್ಕರು. ನನಗೆ ನಗಲಿಕ್ಕಾಗಲಿಲ್ಲ.

ಆಮೇಲೂ ಆಫೀಸಿನವರು ಸುಮಾರು ಅಲೆದಾಡಿಸಿದರು. ಈಗ ನೆಲಮಹಡಿಯ ಮನೆ ನಮ್ಮದು. ಆದರೂ ಅತ್ತೆ ಹೊರಡಲು ಒಪ್ಪಲಿಲ್ಲ. ಕಡಲು ಬಿಟ್ಟಿರಲಾರರು ಎಂದು ನಾನು ತಿಳಿದಿದ್ದೆ. "ಅದು ನನ್ನ ಮನೆ ತಿಂದ ಕಡಲು, ಅದರ ಮೇಲೆ ನನಗೆ ಎಂತ ಆಸೆ?" ಎಂದು ನನಗೇ ಬೈದರು. ಆಮೇಲೆ, "ಅವ ಬಂದರೆ ನಮ್ಮನ್ನು ಎಲ್ಲಿ ಹುಡುಕ್ತಾನೆ?" ಎಂದರು.

ಅಂತೂ ಈಗ ಒಪ್ಪಿದ್ದಾರೆ. ಬರುವ ಭಾನುವಾರ ಹೊರಡುತ್ತೇವೆ. ಹೊಸ ವಿಳಾಸವನ್ನು ಲಕೋಟೆಯ ಹಿಂದೆ ಬರೆದಿದ್ದೇನೆ. ನನಗೂ ಅನುಕೂಲವೇ, ಮೀನು ಮಾರಲು ಮಣಿಪಾಲ ಹತ್ತಿರ. ನಿಮ್ಮನ್ನು ವಾಪಸು ಬನ್ನಿ ಎಂದು ಕರೆಯುತ್ತಿಲ್ಲ. ಬರಬೇಡಿ ಎಂದೂ ಅಲ್ಲ. ಅದನ್ನೆಲ್ಲ ಯೋಚಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಆರೋಗ್ಯ ನೋಡಿಕೊಳ್ಳಿ.

ಇಂತಿ,
ಶರ್ಮಿಳಾ

ಮರೆತ ಮಾತು: ನೀವು ನನಗೆ ಫೋನು ಮಾಡಿದಿರಿ, "ಅಮ್ಮನನ್ನು ಅಲೆವೂರಿಗೆ ಕರೆದುಕೊಂಡು ಹೋಗು, ನಾನು ಅಲ್ಲಿಗೇ ಬರ್ತೇನೆ" ಎಂದಿರಿ ಎಂದು ಅತ್ತೆಗೆ ಹೇಳಿದ್ದೇನೆ. ಅದಕ್ಕೇ ಅವರು ಒಪ್ಪಿದ್ದು. ಈಗ ಒಳಗೆ ಪಾತ್ರೆ ಕಟ್ಟುತ್ತಿದ್ದಾರೆ. ಬರದಿದ್ದರೂ ಪರವಾಗಿಲ್ಲ, ಭಾನುವಾರದೊಳಗೆ ಅವರಿಗೊಂದು ಫೋನು ಮಾಡಿ.