ಅಂಗೈಗೆ ಬೆಳ್ಳಿಯ ಕಂತಿ

ಬೆಳಗಾವಿ, ಆಸ್ಪತ್ರೆಯ ಹೆಣ್ಣುಮಕ್ಕಳ ವಾರ್ಡು,
೧೪ ಡಿಸೆಂಬರ್ ೧೯೮೨, ಮಂಗಳವಾರ

ಕಾಂತಾಳ ಅಪ್ಪನಿಗೆ ಗಂಗಾದೇವಿಯ ಶರಣು ಶರಣಾರ್ಥಿ.

ನಿಮ್ಮ ಮೊಣಕಾಲು ಹೇಗಿದೆ? ಖಾನಾಪುರದ ಚಳಿ ನಮ್ಮ ಶಹಾಪುರದ ಚಳಿಯಂತಲ್ಲ, ನೆಲದಿಂದ ಏಳುತ್ತದೆ. ಬರೀ ಚಾಪೆಯ ಮೇಲೆ ಮಲಗಬೇಡಿ. ಬಾಳವ್ವ ಅಕ್ಕನ ಟ್ರಂಕಿನ ತಳದಲ್ಲಿ ದಪ್ಪ ಕಂಬಳಿ ಇದೆ, ತಮ್ಮ ಎಂಬ ಸಲಿಗೆಯಿಂದ ಕೇಳಿ ಇಸಿದುಕೊಳ್ಳಿ. ಅಕ್ಕನ ಕಣ್ಣಿನ ಪೊರೆ ಈಗ ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀರೋ ಇಲ್ಲವೋ? ಕೇಳಿದರೆ ನೀವು ಹೂಂ ಅನ್ನುವವರು, ಅದಕ್ಕೇ ಈ ಮಾತನ್ನು ಅಕ್ಕನಿಗೂ ಓದಿ ಹೇಳಿ. ನಾನು ಆರಾಮ ಇದ್ದೇನೆ. ಜ್ವರ ಬಿಟ್ಟಿದೆ, ಬಾಯಿಗೆ ರುಚಿ ಬಂದಿದೆ. ಕಾಂತಾ ದಿನಾ ಮನೆಯಿಂದ ಡಬ್ಬಿ ತರುತ್ತಾಳೆ. ನಿಮ್ಮ ಮಗಳ ಕೈಯ ಸಾರಿಗೆ ಇನ್ನೂ ಉಪ್ಪು ಎಷ್ಟು ಎಂದು ತಿಳಿದಿಲ್ಲ, ಆದರೆ ಹಸಿವಿಗೆ ಎಲ್ಲವೂ ಹಿತ.

ನಾನು ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಲಗ್ನವಾದಂದಿನಿಂದ ನೀವು ಮಗ್ಗದ ಕುಣಿ ಬಿಟ್ಟು ದೂರ ಹೋದವರಲ್ಲ. ಕೂಗಿದರೆ ಕೇಳುವಷ್ಟು ದೂರದಲ್ಲಿದ್ದವರಿಗೆ ಕಾಗದ ಯಾಕೆ ಬೇಕಿತ್ತು? ಹೇಗೆ ಕರೆಯಬೇಕೆಂದೇ ತಿಳಿಯದೆ ಬಹಳ ಹೊತ್ತು ಪೆನ್ನು ಹಿಡಿದು ಕುಳಿತಿದ್ದೆ. ಹೆಸರು ಹಿಡಿಯುವಂತಿಲ್ಲ. 'ಏನ್ರೀ' ಎಂದು ಬರೆದು ನೋಡಿದೆ, ಜಗಳಕ್ಕೆ ನಿಂತವಳ ಹಾಗೆ ಕಂಡಿತು, ಹೊಡೆದುಹಾಕಿದೆ. ಕೊನೆಗೆ ಕಾಂತಾಳ ಅಪ್ಪ ಎಂದು ಬರೆದ ಮೇಲೆ ಸಮಾಧಾನವಾಯಿತು. ಬಲಗೈ ಬರೆಯುತ್ತದೆ, ಎಡಗೈ ಪಟ್ಟಿ ಸುತ್ತಿಸಿಕೊಂಡು ದಿಂಬಿನ ಮೇಲೆ ಬೀಗರ ಹಾಗೆ ಕುಳಿತಿದೆ, ಏನೂ ಕೆಲಸ ಮಾಡುವುದಿಲ್ಲ. ಕಾಗದ ಜಾರುತ್ತದೆಂದು ಅದರ ಮೇಲೆ ಮುಲಾಮಿನ ಡಬ್ಬಿ ಇಟ್ಟುಕೊಂಡಿದ್ದೇನೆ. ಅಲ್ಲಲ್ಲಿ ಬಿಳಿ ಕಲೆ ಕಂಡರೆ ಅದು ಔಷಧ, ಹೆದರಬೇಡಿ.

ಇಲ್ಲಿ ಬೆಳಿಗ್ಗೆ ಮಂಜು ಕಿಟಕಿಯ ಒಳಗೇ ಬರುತ್ತದೆ. ಬಿಳಿ ಗೋಡೆ, ಬಿಳಿ ಹಾಸಿಗೆ, ಬಿಳಿ ಸೊಳ್ಳೆಪರದೆ, ಅದರ ಮೇಲೆ ಈ ಮಂಜು. ಎಚ್ಚರವಿದ್ದೇನೋ ನಿದ್ದೆಯಲ್ಲಿದ್ದೇನೋ ನನಗೇ ತಿಳಿಯುವುದಿಲ್ಲ. ಅವರು ಕೊಡುವ ಗುಳಿಗೆಯೂ ಹಾಗೇ ಇದೆ, ನೋವನ್ನು ಪಕ್ಕದ ಮಂಚಕ್ಕೆ ಕಳಿಸಿದಂತಾಗುತ್ತದೆ. ಟಿಳಕವಾಡಿಯ ಗೇಟಿನ ಕಡೆಯಿಂದ ರೈಲು ಕೂಗಿದಾಗ, ಅದು ದೇಸೂರು ದಾಟಿ ನಿಮ್ಮ ಹತ್ತಿರ ಹೊರಟಿದೆ ಅಂದುಕೊಳ್ಳುತ್ತೇನೆ. ಅರೆನಿದ್ದೆಯಲ್ಲಿ ನಾನೂ ಅದನ್ನು ಹತ್ತಿ ಕೂಡುತ್ತೇನೆ. ಅಕ್ಕನ ಮನೆಯ ಅಂಗಳದಲ್ಲಿ ನೆರೆಯವರು ಒಣಗಲು ಇಟ್ಟ ಹಸಿ ಮಡಕೆಗಳ ನಡುವೆ ನೀವು ಬೆನ್ನು ಮಾಡಿ ಕುಳಿತಿರುತ್ತೀರಿ. ಒಂದು ಸಲವೂ ತಿರುಗಿ ನೋಡುವುದಿಲ್ಲ. ಅಷ್ಟರಲ್ಲಿ ರಾಧಾಬಾಯಿ ನರ್ಸು ಬಂದು ಥರ್ಮಾಮೀಟರು ಬಾಯಿಗಿಡುತ್ತಾಳೆ.

ಆ ದಿನದ್ದನ್ನು ನೀವು ಮನಸ್ಸಿನಲ್ಲೇ ತಿರುವಿ ತಿರುವಿ ದೊಡ್ಡದು ಮಾಡಿಕೊಂಡಿರುತ್ತೀರಿ, ನನಗೆ ಗೊತ್ತು. ನನಗೆ ನೆನಪಿದ್ದಂತೆ ನಡೆದದ್ದು ಇಷ್ಟೇ. ಮಗ್ಗದ ಹಾಸಿನ ಉದ್ದ ನೂಲಿಗೆ ಹಚ್ಚಲು ಗಂಜಿ ಕುದಿಸುತ್ತಿದ್ದೆ. ಪಾತ್ರೆ ವಾಲಿತು. ಬುದ್ಧಿ ಓಡುವ ಮೊದಲೇ ಎಡಗೈ ಓಡಿತು. ನೀರಾಗಿದ್ದರೆ ಹರಿದು ಹೋಗುತ್ತಿತ್ತು, ಗಂಜಿ ಅಂಗೈಗೆ ಅಂಟಿಕೊಂಡು ಕುಳಿತಿತು. ಕಾಂತಾ ತಣ್ಣೀರು ಸುರಿದಳು. ನೀವು ಪೂಜೆಯಿಂದ ಎದ್ದು ಓಡಿ ಬಂದಿರಿ. ವಿಭೂತಿ ಗಟ್ಟಿಯನ್ನು ಪುಡಿ ಮಾಡಿ, ಎಣ್ಣೆಯಲ್ಲಿ ಕಲಸಿ, ಹಕ್ಕಿಮರಿಯನ್ನು ಹಿಡಿದಂತೆ ನನ್ನ ಕೈ ಹಿಡಿದು ಹಚ್ಚಿದಿರಿ. ಆಗ ನೀವು ಅಂದದ್ದು ಇನ್ನೂ ಕಿವಿಯಲ್ಲಿದೆ. 'ಬೂದಿ, ಎಣ್ಣಿ ಕೂಡಿಸೇ ಲಿಂಗಕ್ಕ ಕಂತಿ ಕಟ್ಟತಾರ. ಲಿಂಗಾನ ಕಾಯೂದು ಕೈ ಕಾಯಂಗಿಲ್ಲೇನ?' ನಿಮ್ಮಪ್ಪ ಮಠದಲ್ಲಿ ಕಂತಿ ಕಟ್ಟಿಸುವಾಗ ನೀವು ಪಕ್ಕದಲ್ಲಿ ಕುಳಿತು ನೋಡಿದವರು. ಆ ಕರಿಯ ಲೇಪ ಇರುವುದರಿಂದಲೇ ಒಳಗಿನ ಪುಟ್ಟ ಕಲ್ಲು ಸವೆಯದೆ ತಲೆಮಾರು ಬಾಳುತ್ತದೆ ಎಂದು ಲಗ್ನವಾದ ಹೊಸದರಲ್ಲಿ ನನಗೆ ಹೇಳಿಕೊಟ್ಟವರೂ ನೀವೇ. ಅದಕ್ಕೆ ನಾನೂ ಬೇಡ ಅನ್ನಲಿಲ್ಲ. ನನಗೂ ಅದೇ ಸರಿ ಕಂಡಿತು.

ಆಮೇಲೆ ಕೈ ಬಾತಿತು, ವಾಸನೆ ಹಿಡಿಯಿತು, ಚಳಿಜ್ವರ ಬಂತು, ಟಾಂಗಾದಲ್ಲಿ ಹಾಕಿ ನನ್ನನ್ನು ಇಲ್ಲಿಗೆ ತಂದಿರಿ. ಸುಮನ್ ಡಾಕ್ಟರು ಪಟ್ಟಿ ಬಿಚ್ಚಿದ ಕೂಡಲೇ ವಾರ್ಡಿಗೆಲ್ಲಾ ಕೇಳುವಂತೆ ಕೂಗಿದರು. 'ಅಹೋ ಕಾಕಾ, ಹಸಿ ಗಾಯಕ್ಕ ಬೂದಿ ಯಾರ ಹಚ್ಚಿದ್ರಿ? ಕೈ ಹೋಗತಿತ್ತಲ್ರೀ!' ನೀವು 'ನಾನಽ ರೀ' ಅಂದಿರಿ. ಎಲ್ಲ ಮಂಚಗಳೂ ನಿಮ್ಮ ಕಡೆ ತಿರುಗಿದವು. 'ಚಹಾ ತರತೇನಿ' ಎಂದು ಹೊರಗೆ ಹೋದವರು ಖಾನಾಪುರದ ಗಾಡಿ ಹತ್ತಿದಿರಿ. ಆ ಚಹಾ ಇನ್ನೂ ಬಂದಿಲ್ಲ.

ಸುಮನ್ ಡಾಕ್ಟರಿಗೆ ನಮ್ಮ ಕಾಂತಾಳಷ್ಟೇ ವಯಸ್ಸು. ಮನೆಯಲ್ಲಿ ಮರಾಠಿ, ನಮ್ಮ ಹತ್ತಿರ ಕನ್ನಡ, ಸಿಟ್ಟು ಬಂದರೆ ಎರಡೂ. ನಿಮಗೆ ಕಾಕಾ, ನನಗೆ ಚಿಕ್ಕಮ್ಮ ಎಂದಂತೆ ಮಾವಶಿ ಅನ್ನುತ್ತಾರೆ. ಮರುದಿನ ಅವರೇ ಕೇಳಿದರು, ಕಾಕಾ ಎಲ್ಲಿ, ನಾನು ಭಾಳ ಜೋರು ಮಾಡಿದೆನೇನೋ ಎಂದು. ನಾನು ಕಂತಿಯ ಸಂಗತಿ ಹೇಳಿದೆ. ಕೊರಳಿನ ಕರಡಿಗೆ ಬಿಚ್ಚಿ ಒಳಗಿನ ಲಿಂಗವನ್ನು ದೂರದಿಂದಲೇ ತೋರಿಸಿದೆ. ಅವರು ಬಗ್ಗಿ ನೋಡಿ, ಕೈ ಮುಗಿದು, ಮಂಚದ ತುದಿಗೆ ಕುಳಿತರು. 'ಕಾಕಾ ವಿಚಾರ ಮಾಡಿದ್ದು ಖರೇನ ಐತಿ ಮಾವಶಿ. ಲೇಪ ಹಚ್ಚಿ ಕಾಯಬೇಕು ಅನ್ನೂದು ನಮ್ಮ ವಿದ್ಯಾನೂ ಹೇಳತೈತಿ. ಆದ್ರ ಕಲ್ಲಿಗೆ ಹಚ್ಚೂದ ಬ್ಯಾರೆ, ಗಾಯಕ್ಕ ಹಚ್ಚೂದ ಬ್ಯಾರೆ. ಗಾಯ ಅಂದ್ರ ಬಾಗಲಾ ತೆರದ ಮನಿ. ಬೂದಿ ಜೋಡಿ ಕಣ್ಣಿಗೆ ಕಾಣದ ಹುಳಾನೂ ಒಳಗ ಹೋಗತಾವ. ಈ ಮುಲಾಮಿನ್ಯಾಗ ಬೆಳ್ಳಿ ಐತಿ. ಬಾಗಲದಾಗ ಬೆಳ್ಳಿ ಕುಂತ್ರ ಅವು ಬದಕಂಗಿಲ್ಲ.' ಆಮೇಲೆ ನಿಮಗೆ ಹೇಳಿ ಎಂದು ಇನ್ನೊಂದು ಮಾತು ಹೇಳಿದರು. 'ಹಣಿಗೆ ಎಷ್ಟಾರ ಹಚ್ಕೊಳ್ಳಿ, ಯಾರೂ ಬ್ಯಾಡ ಅನ್ನಂಗಿಲ್ಲ. ಗಾಯಕ್ಕಷ್ಟ ಬ್ಯಾಡ.'

ದಿನಾ ಬೆಳಿಗ್ಗೆ ರಾಧಾಬಾಯಿ ನಿನ್ನೆಯ ಮುಲಾಮನ್ನು ಉಪ್ಪುನೀರಿನಲ್ಲಿ ತೊಳೆದು ತೆಗೆಯುತ್ತಾಳೆ. ಒಂದು ರಾತ್ರಿಯಲ್ಲಿ ಅದು ಬೂದುಬಣ್ಣಕ್ಕೆ ತಿರುಗಿರುತ್ತದೆ. ಆಮೇಲೆ ಮರದ ಚಪ್ಪಟೆ ಕಡ್ಡಿಯಿಂದ ಹೊಸದನ್ನು ದಪ್ಪಗೆ ಬಳಿಯುತ್ತಾಳೆ. ಬೆಣ್ಣೆಯಷ್ಟು ತಂಪು. ನೋಡಿದರೆ ವಿಭೂತಿ ಬಳಿದುಕೊಂಡ ಅಂಗೈಯೇ. ಲಿಂಗ ಬೆಳ್ಳಿಯ ಕರಡಿಗೆಯಲ್ಲಿ ಕುಳಿತಿದೆ, ಪೂಜೆಯಲ್ಲಿ ಲಿಂಗ ಕೂಡುವ ಎಡ ಅಂಗೈ ಬೆಳ್ಳಿಯ ಕಂತಿಯಲ್ಲಿ ಮಲಗಿದೆ, ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಈಗ ಅಂಗೈ ಖಾಲಿ ಇಲ್ಲದ್ದರಿಂದ ಕರಡಿಗೆಯನ್ನು ಎದೆಯ ಮೇಲೆ ಇಟ್ಟುಕೊಂಡೇ ನೋಡುತ್ತಾ ಮಲಗಿರುತ್ತೇನೆ. ಉಸಿರು ಎಳೆದಾಗ ಏಳುತ್ತದೆ, ಬಿಟ್ಟಾಗ ಇಳಿಯುತ್ತದೆ. ಅದೇ ನನ್ನ ಪೂಜೆ. ಕೀವು ನಿಂತಿದೆ, ಅಂಚಿನಿಂದ ಗುಲಾಬಿ ಬಣ್ಣದ ಹೊಸ ತೊಗಲು ಬರುತ್ತಿದೆ. ಡಾಕ್ಟರಿಗೆ ಈಗ ಉಳಿದಿರುವ ಚಿಂತೆ ಒಂದೇ. ಬೆರಳು ಮಡಚಿಕೊಂಡೇ ಗಾಯ ಮಾಯ್ದರೆ ಕೈ ಮುಷ್ಟಿಯಾಗಿ ನಿಂತುಬಿಡುತ್ತದಂತೆ. ಅದಕ್ಕೆ ದಿನಾ ಬೆರಳುಗಳನ್ನು ಬಿಡಿಸಿ ಅಂಗೈ ಅಗಲ ಮಾಡಬೇಕು. ಅದೂ ನಡೆದಿದೆ, ಅದರ ಬಗ್ಗೆ ನೀವು ಚಿಂತಿಸಬೇಡಿ.

ಗುಳಿಗೆಯ ಮಂಪರಿನಲ್ಲಿ ಒಂದು ಕನಸು ಮತ್ತೆ ಮತ್ತೆ ಬೀಳುತ್ತದೆ. ನನ್ನ ಅಂಗೈ ಬಹಳ ದೊಡ್ಡದಾಗಿದೆ, ನಮ್ಮ ಪಡಸಾಲೆಯಷ್ಟು. ಅದರ ಗೆರೆಗಳೆಲ್ಲಾ ಹಾಸಿನ ನೂಲು. ನೀವು ಆ ತುದಿಯಲ್ಲಿ ಕುಳಿತು ಲಾಳಿ ಎಸೆಯುತ್ತೀರಿ, ಅದರ ಬೆನ್ನಿಗೆ ಬೆಳ್ಳಿಯ ಎಳೆ. ಸದ್ದೇ ಇಲ್ಲ. ಎಲ್ಲೋ ಒಂದು ಎಳೆ ಸಿಕ್ಕಾಗುತ್ತದೆ. ನೀವು ಲಾಳಿ ಕೆಳಗಿಟ್ಟು, ಬಗ್ಗಿ, ಸಿಕ್ಕನ್ನು ಉಗುರಿನ ತುದಿಯಿಂದ ಬಿಡಿಸತೊಡಗುತ್ತೀರಿ. ಬೆಕ್ಕು ರೇಷ್ಮೆ ಲಡಿಯೊಳಗೆ ಮರಿ ಹಾಕಿದ ವರ್ಷ ನಿಮಗೆ ನೆನಪಿದೆಯೇ? ಎಲ್ಲರೂ ಕತ್ತರಿಸಿ ಬಿಸಾಕು ಅಂದರು. ನೀವು ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಏನೋ ಗುನುಗುತ್ತಾ, ಒಂದು ಎಳೆಯೂ ಹರಿಯದಂತೆ ಬಿಡಿಸಿದಿರಿ. ಎಳೆಯಬಾರದು, ಅದು ತಾನಾಗಿ ಎಲ್ಲಿ ಸಡಿಲ ಕೊಡುತ್ತದೋ ಅಲ್ಲಿ ಕಾಯಬೇಕು ಅಂದಿರಿ. ಆ ದಿನ ನನಗೆ ನಿಮ್ಮ ಮೇಲೆ ಬಂದ ಪ್ರೀತಿ ಲಗ್ನದ ದಿನವೂ ಬಂದಿರಲಿಲ್ಲ. ಬಾಯಿಬಿಟ್ಟು ಹೇಳುವುದಿರಲಿ, ಈಗ ಬರೆಯುವುದಕ್ಕೂ ಮುಖ ಬಿಸಿಯಾಗುತ್ತದೆ.

ನಿನ್ನೆ ಭರಮಣ್ಣ ಬಂದಿದ್ದ, ಅಕ್ಕನ ನೆರೆಮನೆಯವನು, ಮಡಕೆ ಮಾರಲು ಸಂತೆಗೆ ಬರುವವನು. ನೀವು ಕಳಿಸಿದ ಜೋಳದ ರೊಟ್ಟಿ, ಗುರೆಳ್ಳು ಹಿಂಡಿ ಕೊಟ್ಟ. ಹೇಗಿದ್ದಾರೆ ಎಂದು ಕೇಳಿದೆ. ಚಪ್ಪಲಿ ನೋಡುತ್ತಾ ಮೆಲ್ಲಗೆ, 'ಅಣ್ಣಾರ ಹಣಿ ಖಾಲಿ ಐತ್ರಿ ಅಕ್ಕಾರ. ಪೂಜಿಗೂ ಕುಂದರವಲ್ರು' ಅಂದ. ಅವನು ಹೋದ ಮೇಲೆ ಸೆರಗು ಮುಖಕ್ಕೆ ಹಾಕಿಕೊಂಡು ಅತ್ತೆ. ನಿಮ್ಮ ಖಾಲಿ ಹಣೆಯನ್ನು ನಾನು ಯಾವತ್ತೂ ಕಂಡಿಲ್ಲ. ಕನಸಿನಲ್ಲಿ ನೀವು ತಿರುಗಿ ನೋಡದಿದ್ದದ್ದು ಅದಕ್ಕೇ ಇರಬೇಕು. ಅಳು ಮುಗಿದ ಮೇಲೆ ಸಿಟ್ಟು ಬಂತು. ಬೂದಿ ಹಚ್ಚಿದ್ದಕ್ಕೆ ಸಿಟ್ಟಿಲ್ಲ, ಆ ಹೊತ್ತಿನಲ್ಲಿ ನಿಮ್ಮ ಹತ್ತಿರ ಇದ್ದದ್ದರಲ್ಲೆಲ್ಲಾ ದೊಡ್ಡದನ್ನೇ ನನಗೆ ಹಚ್ಚಿದಿರಿ. ಚಹಾ ತರುತ್ತೇನೆಂದು ಹೋಗಿ ನನ್ನನ್ನು ಒಬ್ಬಳನ್ನೇ ಬಿಟ್ಟಿರಲ್ಲ, ಸಿಟ್ಟು ಅದಕ್ಕೆ. ಒಬ್ಬ ಹುಡುಗಿ ಗದರಿದಳೆಂದು ಹೆಂಡತಿಯನ್ನೂ ದೇವರನ್ನೂ ಒಟ್ಟಿಗೇ ಬಿಡುವವರನ್ನು ನಾನು ನೋಡಿಲ್ಲ. ದೇವರಿಗೆ ಏನನ್ನಿಸಿತೋ ಗೊತ್ತಿಲ್ಲ, ನನಗೆ ಮಾತ್ರ ಬಹಳ ಕೆಟ್ಟದ್ದೆನ್ನಿಸಿತು.

ಸಿಟ್ಟಿನ ಮಾತು ಇಲ್ಲಿಗೆ ಸಾಕು. ಮಗ್ಗದ ಮೇಲಿನ ಸೀರೆಗೆ ಧೂಳು ಕೂಡದಂತೆ ಕಾಂತಾ ಬಟ್ಟೆ ಹೊದಿಸಿದ್ದಾಳೆ, ನೇಯ್ಗೆ ಸೆರಗಿನ ಹತ್ತಿರ ನಿಂತಿದೆ. ಬರುವ ಸೋಮವಾರ ದೊಡ್ಡ ಡಾಕ್ಟರು ಬಂದು ಕೈ ನೋಡುತ್ತಾರಂತೆ. ಬಾಳವ್ವ ಅಕ್ಕನಿಗೆ ನನ್ನ ಶರಣಾರ್ಥಿ ಹೇಳಿ, ಕಣ್ಣಿಗೆ ಹೊಗೆ ಬಡಿಯದಂತೆ ನೋಡಿಕೊಳ್ಳಲು ಹೇಳಿ. ಅಂಗಳದ ಮಡಕೆಗಳಿಗೆಲ್ಲಾ ಬಿಸಿಲು ಬೀಳಲಿ, ನಿಮ್ಮ ಮೊಣಕಾಲಿಗೂ ಬೀಳಲಿ. ನೀವು ಚೆನ್ನಾಗಿರಿ.

ನಿಮ್ಮ
ಗಂಗಾದೇವಿ

ತಾ.ಕ.: ಊರಿಗೆ ಹೊರಟ ಭರಮಣ್ಣ ಈ ಕಾಗದ ಒಯ್ಯಲು ಬಂದು ನಿಂತಿದ್ದಾನೆ, ಗಾಡಿ ತಪ್ಪುತ್ತದೆ ಅನ್ನುತ್ತಿದ್ದಾನೆ, ಬೇಗ ಬರೆಯುತ್ತೇನೆ. ಬೆರಳು ಬಿಡಿಸುವುದು ನಡೆದಿದೆ ಎಂದು ಮೇಲೆ ಬರೆದದ್ದು ಸುಳ್ಳು. ಬೆರಳು ಬಿಡುತ್ತಿಲ್ಲ. ರಾಧಾಬಾಯಿ ಮುಟ್ಟಿದರೆ ಚೀರುತ್ತೇನೆ, 'ಜರಾ ತಡಕೋರಿ ಮಾವಶಿ' ಅನ್ನುತ್ತಾಳೆ, ನಾನು ತಡೆಯಲಾರದೆ ಮುಷ್ಟಿ ಮುಚ್ಚಿಕೊಳ್ಳುತ್ತೇನೆ. ಸೋಮವಾರವೂ ಹೀಗೇ ಇದ್ದರೆ ಕೊಯ್ದು, ತೊಡೆಯ ತೊಗಲು ತೆಗೆದು ಹಚ್ಚುತ್ತಾರಂತೆ, ಆದರೂ ಪೂರಾ ಬಿಡುವ ಭರವಸೆ ಇಲ್ಲವಂತೆ. ಮುಷ್ಟಿಯ ಮೇಲೆ ಲಿಂಗ ಕೂಡುವುದಿಲ್ಲ. ಸಿಕ್ಕು ಬಿಡಿಸುವ ಕೈ ನಿಮ್ಮದು. ಸುಮನ್ ಡಾಕ್ಟರನ್ನು ಕೇಳಿದ್ದೇನೆ, ಸೋಪಿನಿಂದ ಕೈ ತೊಳೆದುಕೊಂಡು ಕಾಕಾನೇ ಬಿಡಿಸಲಿ, ನಾನು ಪಕ್ಕದಲ್ಲಿ ನಿಂತು ತೋರಿಸುತ್ತೇನೆ ಅಂದಿದ್ದಾರೆ. ನಾಳೆಯ ಗಾಡಿಗೇ ಬನ್ನಿ. ಹಣೆಗೆ ವಿಭೂತಿ ಹಚ್ಚಿಕೊಂಡು ಬನ್ನಿ. ನಾನು ಎಷ್ಟು ಅತ್ತರೂ ಕೈ ಬಿಡಬೇಡಿ. ಚಹಾ ಆಮೇಲೆ ಇಬ್ಬರೂ ಕುಡಿಯೋಣ.